ಕಲ್ಲಿಗೆ ಬೇಸಿಗೆ, ಕಾಗದಕ್ಕೆ ಮಳೆಗಾಲ

ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ನಮ್ಮ ಇತಿಹಾಸ ಕೂಟದ ವರ್ಷದ ಕಾರ್ಯಕ್ರಮ ಪಟ್ಟಿ ಬರೆಯುವುದು ನನ್ನ ಕೆಲಸ. ಅಕ್ಷರ ದುಂಡಗಿದೆ ಅಂತ ನನ್ನನ್ನು ಕಾರ್ಯದರ್ಶಿ ಮಾಡಿದ್ದಾರೆ, ಬೇರೆ ಯೋಗ್ಯತೆ ಯಾರೂ ಕೇಳಲಿಲ್ಲ. ಈ ಸಲ ಬರೆಯಲು ಕೂತಾಗ ಹಳೆಯ ವರ್ಷಗಳ ಪಟ್ಟಿಗಳನ್ನೂ ಹರವಿಕೊಂಡೆ. ಎಲ್ಲ ಒಂದೇ ಥರ. ಜನವರಿಯಲ್ಲಿ ಶಾಸನ, ವೀರಗಲ್ಲು. ಮಾರ್ಚ್‌ನಲ್ಲಿ ಕಡಂಗದ, ಅಂದರೆ ಹಳೆಯ ಕಂದಕಗಳ, ನಡಿಗೆ. ಏಪ್ರಿಲ್‌ನಲ್ಲಿ ಸುಗ್ಗಿ ಹಬ್ಬ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ‘ಕಾಗದ ಪತ್ರಗಳ ಓದು’. ಅಕ್ಟೋಬರ್, ನವೆಂಬರ್ ಭಾಷಣ. ಡಿಸೆಂಬರ್ ಎದುರು ಬರೀ ಒಂದು ಅಡ್ಡಗೆರೆ, ಯಾಕೆಂದರೆ ಆಗ ಕಾಫಿ ಕೊಯ್ಲು. ವರ್ಷಗಳು ಉರುಳಿವೆ, ಸದಸ್ಯರಲ್ಲಿ ಕೆಲವರು ತೀರಿಕೊಂಡಿದ್ದಾರೆ, ಪಟ್ಟಿ ಮಾತ್ರ ಇದ್ದ ಹಾಗೇ ಇದೆ.

ಇದರಲ್ಲಿ ತಪ್ಪೇನು ಅಂತ ಕೇಳಬಹುದು. ಕೊಡಗಿನಲ್ಲಿ ಮದುವೆ, ಗೃಹಪ್ರವೇಶ, ಹಾಕಿ ಪಂದ್ಯ, ಎಲ್ಲವೂ ಮಳೆ ಮತ್ತು ಕಾಫಿ ಬಿಟ್ಟುಕೊಟ್ಟ ದಿನಗಳಲ್ಲೇ ನಡೆಯಬೇಕು. ಇತಿಹಾಸ ಓದುವವರಿಗೆ ಯಾರು ಬೇರೆ ಪಂಚಾಂಗ ಬರೆದುಕೊಡುತ್ತಾರೆ? ಆದರೂ ಆ ಪಟ್ಟಿಗಳನ್ನು ನೋಡುತ್ತಾ ಕೂತಾಗ ಒಂದು ವಿಷಯ ಕಾಡತೊಡಗಿತು. ಬಿಸಿಲಿರುವಾಗ ನಾವು ಕಲ್ಲು ನೋಡುತ್ತೇವೆ. ಮಳೆ ಬಂದಾಗ ಕಾಗದ ನೋಡುತ್ತೇವೆ. ಮನುಷ್ಯರ ಪಕ್ಕ ಕೂತು ‘ಆಗ ಹೇಗಿತ್ತು’ ಅಂತ ಕೇಳುವುದಕ್ಕೆ ನಮ್ಮ ಪಟ್ಟಿಯಲ್ಲಿ ಒಂದು ತಿಂಗಳೂ ಇಲ್ಲ.

ಕೂಟ ಅಂದರೆ ದೊಡ್ಡದೇನೂ ಅಲ್ಲ. ಸೋಮವಾರಪೇಟೆಯಲ್ಲಿ ಸಂತೆಗೆ ಹತ್ತಿರದ ಒಂದು ಅಂಗಡಿಯ ಮಹಡಿ, ಅಲ್ಲಿ ಒಂದು ಕೋಣೆ, ಎರಡು ಬೀರು, ಒಂದು ಉದ್ದದ ಬೆಂಚು. ನಿವೃತ್ತ ಮೇಷ್ಟ್ರುಗಳು, ನನ್ನಂಥ ಸಣ್ಣ ಬೆಳೆಗಾರರು, ಔಷಧಿ ಅಂಗಡಿಯವರು, ಬಂದು ಹೋಗುವ ಕಾಲೇಜು ಹುಡುಗರು. ಸಭೆ ಸೋಮವಾರ ಮಧ್ಯಾಹ್ನ. ಸಂತೆಗೆ ಹೇಗೂ ಎಲ್ಲರೂ ಪೇಟೆಗೆ ಬರುತ್ತಾರೆ, ಅದೇ ಖರ್ಚಿನಲ್ಲಿ ಇತಿಹಾಸವೂ ಆಗುತ್ತದೆ. ಒಣಮೀನು, ಹಸಿಮೆಣಸಿನಕಾಯಿ ತುಂಬಿದ ಚೀಲಗಳು ಬಾಗಿಲ ಹತ್ತಿರ ಸಾಲಾಗಿ ಕೂತಿರುತ್ತವೆ. ಒಳಗೆ, ಹಿಂದೆ ಈ ಸೀಮೆ ಆಳಿದ ಕೊಂಗಾಳ್ವರ ಬಗ್ಗೆ ಜಗಳ.

ಬಿಸಿಲಿನ ಕೆಲಸ

ಅರೇಬಿಕಾ ಕೊಯ್ಲು ಮುಗಿದು, ಕಣದಲ್ಲಿ ಕಾಫಿ ಒಣಗುತ್ತಿರುವಾಗ ನಮ್ಮ ಓಡಾಟ ಶುರು. ಜನವರಿ ಬಿಸಿಲಿಗೆ ಒಂದು ಗುಣವಿದೆ, ಅದು ಓರೆಯಾಗಿ ಬೀಳುತ್ತದೆ. ಸವೆದ ಕಲ್ಲಿನ ಮೇಲೆ ನೆತ್ತಿ ಬಿಸಿಲು ಬಿದ್ದರೆ ಏನೂ ಕಾಣಿಸುವುದಿಲ್ಲ. ಬೆಳಿಗ್ಗೆ ಎಂಟರ ಒಳಗೆ ಅಥವಾ ಸಂಜೆ ನಾಲ್ಕರ ಮೇಲೆ ಪಕ್ಕದಿಂದ ಬೆಳಕು ಬಿದ್ದಾಗ ಅಕ್ಷರದ ಒಂದು ಅಂಚು ಕಪ್ಪಾಗುತ್ತದೆ, ಇನ್ನೊಂದು ಅಂಚು ಹೊಳೆಯುತ್ತದೆ. ಇಲಾಖೆಯ ಒಪ್ಪಿಗೆ ಪಡೆದು ಶಾಸನದ ಪಡಿಯಚ್ಚು ತೆಗೆಯುವವರು ಬರುವುದೂ ಇದೇ ಸಮಯಕ್ಕೆ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್‌ನಿಂದ ಬಡಿದು, ಮೇಲೆ ಮಸಿ ತಟ್ಟಬೇಕು. ಗಾಳಿಯಾಗಲಿ ತೇವವಾಗಲಿ ಇದ್ದರೆ ಕಾಗದ ಹರಿಯುತ್ತದೆ. ನಮ್ಮ ಕಡೆ ಅಂಥ ಒಣ ದಿನಗಳು ಸಿಗುವುದೇ ಎರಡು ಮೂರು ತಿಂಗಳು.

ಮುಳ್ಳೂರು ಪ್ರತಿ ವರ್ಷ ಇದ್ದೇ ಇರುತ್ತದೆ. ಶನಿವಾರಸಂತೆ ಕಡೆಯ ಆ ಬಸದಿಗಳನ್ನು ನೋಡದವರಿಗೆ ಹೇಳಿ ಪ್ರಯೋಜನವಿಲ್ಲ, ನೋಡಿದವರಿಗೆ ಹೇಳಬೇಕಾಗಿಲ್ಲ. ರಾಜೇಂದ್ರ ಕೊಂಗಾಳ್ವನ ತಾಯಿ ಪೋಚಬ್ಬರಸಿ ಅಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ್ದು 1058ರಲ್ಲಿ. ಗುರು ಗುಣಸೇನ ಪಂಡಿತ. ಅದಕ್ಕೂ ಮೊದಲು ಪನಸೋಗೆ ಕಾಳಗದಲ್ಲಿ ಮೆರೆದ ಮನಿಜನಿಗೆ ಚೋಳ ರಾಜರಾಜ ಕೊಂಗಾಳ್ವ ಎಂಬ ಬಿರುದನ್ನೂ ಮಾಲವ್ವಿಯನ್ನೂ ಕೊಟ್ಟ. ಆ ಮಾಲವ್ವಿ ನಮ್ಮ ಮಾಲಂಬಿ ಬೆಟ್ಟದ ಸೀಮೆ. ಇವೆಲ್ಲ ನಮ್ಮ ಮೇಷ್ಟ್ರಿಗೆ ಬಾಯಿಪಾಠ. ಶಾಸನ ತಜ್ಞ ಬಿ.ಎಲ್. ರೈಸ್ ಕೊಡಗಿನ ಶಾಸನಗಳನ್ನು 1886ರಲ್ಲಿ ಅಚ್ಚು ಹಾಕಿಸಿದ, ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳ ಸಾಲಿನಲ್ಲಿ ಮೊದಲ ಸಂಪುಟವೇ ಕೊಡಗಿನದು, 1914ರಲ್ಲಿ ಅದು ಪರಿಷ್ಕರಣೆಯಾಗಿ ಬಂತು ಅನ್ನುವುದನ್ನು ಅವರು ಪ್ರತಿ ಸಲ ಹೊಸಬರಿಗೆ ಹೇಳುತ್ತಾರೆ. ಹೇಳುವಾಗ ಅವರ ಎದೆ ಸ್ವಲ್ಪ ಉಬ್ಬುತ್ತದೆ. ಇಷ್ಟು ಸಣ್ಣ ನಾಡಿಗೆ ಮೊದಲ ಸಂಪುಟ ಅಂದರೆ ಉಬ್ಬಬೇಕಾದ್ದೇ.

ಒಂದು ಜನವರಿಯ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಒಂದು ತೋಟದ ಅಂಚಿನ ಗದ್ದೆಬದುವಿನಲ್ಲಿ ವೀರಗಲ್ಲೊಂದು ಇದೆ ಅಂತ ಸುದ್ದಿ ಬಂದಿತ್ತು. ಕೊಡಗಿನ ಹಳಬರು ಇಂಥದ್ದನ್ನು ಕೊಲ್ಲೆಕಲ್ಲು ಅನ್ನುತ್ತಾರೆ. ನಾವು ಹೋಗುವ ಹೊತ್ತಿಗೆ ಬೆಳಕು ಹೋಗಿತ್ತು. ಯಾರೋ ಭಕ್ತಿಯಿಂದ ಕಲ್ಲಿಗೆ ಹಳದಿ ಎನಾಮಲ್ ಪೇಂಟ್ ಬಳಿದಿದ್ದರು. ಅದರ ಮೇಲೆ ಕುಂಕುಮ, ಎಣ್ಣೆ. ಎಲ್ಲರ ಮುಖ ಸಪ್ಪೆಯಾಯಿತು. ಮೇಷ್ಟ್ರು ಮಾತ್ರ, ‘ಟಾರ್ಚ್ ಆರಿಸಿ, ಒಂದೇ ಟಾರ್ಚ್ ಸಾಕು, ನೆಲಕ್ಕೆ ತಾಗಿಸಿ ಪಕ್ಕದಿಂದ ಹಿಡೀರಿ’ ಅಂದರು. ಹುಡುಗನೊಬ್ಬ ಗದ್ದೆಯ ಕೂಳೆಯ ಮೇಲೆ ಹೊಟ್ಟೆ ಹಚ್ಚಿ ಮಲಗಿ ಟಾರ್ಚ್ ಹಿಡಿದ. ಪೇಂಟಿನ ಅಡಿಯಿಂದ ಕೆಳಗಿನ ಸಾಲಿನ ಕುದುರೆ ಎದ್ದು ಬಂತು. ಕತ್ತಿ ಎತ್ತಿದ ಕೈ ಬಂತು. ನಡುವಿನ ಸಾಲಿನಲ್ಲಿ ವೀರನನ್ನು ಎರಡು ಕಡೆಯಿಂದ ಎತ್ತಿಕೊಂಡು ಹೋಗುವ ಹೆಂಗಸರು. ಮೇಲೆ ಲಿಂಗ, ಸೂರ್ಯ, ಚಂದ್ರ. ನಡುವಿನ ಪಟ್ಟಿಯಲ್ಲಿ ಅಕ್ಷರ ಇದ್ದ ಗುರುತು ಇತ್ತು, ಓದಲು ಆಗಲಿಲ್ಲ. ಆದರೂ ನಾವು ಚಳಿಯಲ್ಲಿ ನಡುಗುತ್ತಾ ತುಂಬಾ ಹೊತ್ತು ಅಲ್ಲೇ ಇದ್ದೆವು. ಯಾರಿಗೂ ಎದ್ದು ಬರಲು ಮನಸ್ಸಿರಲಿಲ್ಲ.

ಆ ರಾತ್ರಿಯ ಫೋಟೋ ಕೋಣೆಯ ಗೋಡೆಯ ಮೇಲೆ ಇದೆ. ಮೇಷ್ಟ್ರು, ನಾನು, ಟಾರ್ಚಿನ ಹುಡುಗ, ಕಲ್ಲು. ಬಲಗಡೆ ಅಂಚಿನಲ್ಲಿ ಅರ್ಧ ಕತ್ತರಿಸಿಹೋದ ಒಬ್ಬರು ನಮ್ಮ ಚೀಲಗಳನ್ನು ಹಿಡಿದು ನಿಂತಿದ್ದಾರೆ. ಆ ತೋಟದ ಲೈನ್ ಮನೆಯವರು, ಅಂದರೆ ಕೂಲಿಯವರ ಸಾಲುಮನೆಯಲ್ಲಿ ಇರುವವರು. ಕಲ್ಲಿರುವ ಜಾಗಕ್ಕೆ ದಾರಿ ತೋರಿಸಿದ್ದು ಅವರೇ, ಕಾಲಕಾಲಕ್ಕೆ ಅದಕ್ಕೆ ದೀಪ ಇಡುವುದೂ ಅವರ ಮನೆಯವರೇ. ಯಾಕೆ ಇಡುತ್ತಾರೆ, ಯಾವಾಗಿನಿಂದ, ಯಾರ ಹೆಸರಲ್ಲಿ ಅನ್ನುವುದು ನಮ್ಮ ದಾಖಲೆಯಲ್ಲಿ ಇಲ್ಲ. ಕಲ್ಲಿನ ಎತ್ತರ, ಅಗಲ, ದಪ್ಪ ಮಾತ್ರ ಸೆಂಟಿಮೀಟರ್ ಲೆಕ್ಕದಲ್ಲಿ ಇದೆ.

ಮಾರ್ಚ್ ಹೊತ್ತಿಗೆ ಪೊದೆ ಒಣಗಿ ಕಾಡು ಬಯಲಾಗುತ್ತದೆ. ಆಗ ಮಡಿಕೇರಿ, ವಿರಾಜಪೇಟೆ ಕಡೆ ಹೋಗಿ ಕಡಂಗ ನೋಡುತ್ತೇವೆ. ಯುದ್ಧಕ್ಕೂ ಗಡಿಗೂ ತೋಡಿದ ಆ ಹಳೆಯ ಕಂದಕಗಳು ಮಳೆಗಾಲದಲ್ಲಿ ತೋಡುಗಳ ಹಾಗೇ ಕಾಣುತ್ತವೆ. ಎಲೆ ಉದುರಿದ ಮೇಲೇ ಮನುಷ್ಯರ ಕೈಕೆಲಸ ಅಂತ ಗೊತ್ತಾಗುವುದು. ದೊಡ್ಡಮಳ್ತೆ, ಮೋರಿಬೆಟ್ಟದ ಕಡೆಯ ಕಲ್ಲುಗೋರಿಗಳನ್ನು ನೋಡಲೂ ಇದೇ ಸಕಾಲ. ಆನೆ ಇಳಿದಿದೆ ಅನ್ನುವ ಸುದ್ದಿ ಬಂದರೆ ಅದೂ ರದ್ದು. ಇಂಬಳ ಕಚ್ಚದ, ಬಿದಿರು ಮೆಳೆಯಲ್ಲಿ ಆನೆ ಇಲ್ಲದ ಭಾನುವಾರ ಅಂದರೆ ನಮ್ಮ ಪಾಲಿಗೆ ಹಬ್ಬ.

ಯುದ್ಧ ಮಾಡಿದವರೂ ಬೇಸಿಗೆಯನ್ನೇ ಕಾದಿದ್ದರು. 1834ರಲ್ಲಿ ಬ್ರಿಟಿಷರು ಕೊಡಗಿಗೆ ನುಗ್ಗಿದ್ದು ಏಪ್ರಿಲ್‌ನಲ್ಲಿ. ಅವರ ಉತ್ತರದ ದಂಡು ಬಂದದ್ದು ನಮ್ಮ ಕಡೆಯಿಂದ. ಬಕ್ಕದ ಹತ್ತಿರ ಮಾದಂತ ಅಪ್ಪಚ್ಚುವಿನ ಜನ ಅದನ್ನು ತಡೆದು ಹಿಂದಕ್ಕಟ್ಟಿದರು, ಕರ್ನಲ್ ಮಿಲ್ ಅಲ್ಲೇ ಸತ್ತ. ಆದರೆ ಬೇರೆ ದಾರಿಯಿಂದ ಹೋದ ದಂಡು ಏಪ್ರಿಲ್ 6ಕ್ಕೆ ಮಡಿಕೇರಿ ಕೋಟೆಯ ಮೇಲೆ ಬಾವುಟ ಏರಿಸಿತ್ತು. ಕೊಡಗಿನ ಕೊನೆಯ ರಾಜ ಚಿಕ್ಕ ವೀರರಾಜೇಂದ್ರನ ಆಳ್ವಿಕೆ ಮಳೆಗಾಲಕ್ಕೆ ಮೊದಲೇ ಮುಗಿಯಿತು. ಅದಾಗಿ ಮೂರು ವರ್ಷಕ್ಕೆ, 1837ರಲ್ಲಿ, ಅಮರ ಸುಳ್ಯದವರು ಬ್ರಿಟಿಷರ ವಿರುದ್ಧ ದಂಗೆ ಎದ್ದು ಮಂಗಳೂರಿಗೆ ಹೋದದ್ದೂ ಏಪ್ರಿಲ್‌ನಲ್ಲೇ. ಜುಲೈನಲ್ಲಿ ಈ ಘಟ್ಟ ಹತ್ತಿ ಯುದ್ಧ ಮಾಡುವ ಹುಚ್ಚು ಯಾರಿಗೂ ಇರಲಿಲ್ಲ. ಹೀಗಾಗಿ ನಮಗೆ ಗೊತ್ತಿರುವ ಕೊಡಗಿನ ಚರಿತ್ರೆಯಲ್ಲಿ ಯಾವಾಗಲೂ ಬಿಸಿಲು. ಕುದುರೆ ಓಡುವಷ್ಟು ನೆಲ ಗಟ್ಟಿಯಾಗಿರುತ್ತದೆ.

ಶಾಲಿನ ಕಾಲ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತುಲಾ ಸಂಕ್ರಮಣ ಕಳೆದ ಕೂಡಲೇ ಮೇಷ್ಟ್ರಿಗೆ ಫೋನು ಬರಲು ಶುರುವಾಗುತ್ತದೆ. ಅಕ್ಟೋಬರ್ 31, ಅಮರ ಸುಳ್ಯ ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದ ದಿನ. ಮರುದಿನ ರಾಜ್ಯೋತ್ಸವ. 1956ರ ನವೆಂಬರ್ 1ರಂದು ಕೊಡಗು ಸ್ವಂತ ರಾಜ್ಯವಾಗಿ ಉಳಿಯದೆ ಮೈಸೂರಿಗೆ ಸೇರಿದ ದಿನವೂ ಅದೇ. ಹಾಗಾಗಿ ಇಲ್ಲಿಯ ರಾಜ್ಯೋತ್ಸವದ ಭಾಷಣ ಮಾಡುವವರು ಕೆಳಗೆ ಕೂತವರ ಮುಖ ನೋಡಿಕೊಂಡು ವಾಕ್ಯ ಮುಗಿಸಬೇಕು. ಒಂದು ಶಾಲು, ಒಂದು ಹಾರ, ಫಲತಾಂಬೂಲ. ಮೇಷ್ಟ್ರ ಮನೆಯ ಬೀರು ತುಂಬಾ ಶಾಲುಗಳಿವೆ. ಮಳೆಗಾಲದಲ್ಲಿ ಅವುಗಳನ್ನೇ ಹೊದ್ದುಕೊಳ್ಳುತ್ತಾರೆ.

ಬಲ್ಬು ಹಚ್ಚಿದ ಬೀರು

ಜೂನ್ ಬಂದರೆ ನಮ್ಮ ಕೆಲಸ ಕೋಣೆಯೊಳಗೆ. ಬೀರುವಿನ ಕೆಳಗಿನ ಖಾನೆಯಲ್ಲಿ ಒಂದು ಬಲ್ಬು ಹಚ್ಚಿಡುತ್ತೇವೆ, ಬಟ್ಟೆಗೆ ಮನೆಗಳಲ್ಲಿ ಮಾಡುವ ಹಾಗೆ. ಕರೆಂಟು ಹೋದರೆ, ಅದು ಹೋಗುವುದೇ ಜಾಸ್ತಿ, ಮೂರನೇ ದಿನಕ್ಕೆ ಕಾಗದದ ಮೇಲೆ ಬೂಷ್ಟು. ತಾಳೆಗರಿಗಳು ಪರವಾಗಿಲ್ಲ, ಮಜ್ಜಿಗೆಹುಲ್ಲಿನ ಎಣ್ಣೆ ಹಚ್ಚಿ ಒರೆಸಿಟ್ಟರೆ ಗಟ್ಟಿ ಪಿಂಡ. ತೊಂದರೆ ಇರುವುದು ನೂರು ವರ್ಷದೊಳಗಿನ ಕಾಗದಕ್ಕೆ. ಅಟ್ಟದ ಮೇಲೆ ಒಲೆಯ ಹೊಗೆ ತಾಗುತ್ತಾ ಇದ್ದಷ್ಟು ದಿನ ಅವು ಚೆನ್ನಾಗಿದ್ದವು. ಗ್ಯಾಸ್ ಬಂತು, ಹೊಗೆ ಹೋಯಿತು, ಹುಳ ಬಂತು. ಈಗ ಜನ ಹಳೆ ಮನೆ ಕೆಡವುವಾಗ ಅಟ್ಟ ಖಾಲಿ ಮಾಡಿ, ಸುಡುವ ಮೊದಲು ನಮಗೊಂದು ಫೋನು ಮಾಡುತ್ತಾರೆ. ಅಷ್ಟಾದರೂ ಆಗಿದೆ.

2018ರ ಆಗಸ್ಟ್ ಆದ ಮೇಲೆ ಈ ಫೋನುಗಳು ಜಾಸ್ತಿಯಾದವು. ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ ಕಡೆ ಬೆಟ್ಟ ಜಾರಿದಾಗ ಮನೆ ಜೊತೆ ಮನೆಯ ಕಾಗದಗಳೂ ಹೋದವು. ಜಾಗದ ಪತ್ರ, ಮದುವೆ ಫೋಟೋ, ಮಳೆ ಪುಸ್ತಕ. ಮಳೆ ಪುಸ್ತಕ ಅಂದರೆ ಕೊಡಗಿನವರಿಗೆ ಗೊತ್ತು. ಬೆಳಿಗ್ಗೆ ಎದ್ದು ಮಳೆಮಾಪಕ ನೋಡಿ ಇಂಚು, ಸೆಂಟು ಬರೆದಿಡುವ ಪುಸ್ತಕ. ಸರ್ಕಾರ ಮಿಲಿಮೀಟರ್‌ಗೆ ಬಂದು ಎಷ್ಟೋ ಕಾಲವಾಯಿತು, ನಾವು ಇನ್ನೂ ಇಂಚಿನಲ್ಲೇ ಇದ್ದೇವೆ. ಅಜ್ಜ ಬರೆದದ್ದನ್ನು ಮೊಮ್ಮಗ ಮುಂದುವರಿಸಿದ ಪುಸ್ತಕಗಳಿವೆ. ಅಂಚಿನಲ್ಲಿ ‘ಹೂಮಳೆ ತಡ’, ‘ಕರು ಹಾಕಿತು’, ‘ಅಮ್ಮ ಹೋದರು’ ಅನ್ನುವ ಟಿಪ್ಪಣಿಗಳು. ನಮ್ಮ ಬೀರುವಿನಲ್ಲಿರುವ ಒಳ್ಳೆಯ ಆಸ್ತಿ ಅಂದರೆ ಇವೇ. ಇವನ್ನು ಫೋಟೋ ತೆಗೆದು ತಿಂಗಳುವಾರು ನಕಲು ಮಾಡುವುದೇ ನಮ್ಮ ಜುಲೈ ತಿಂಗಳ ಕಾಯಕ. ಸಭೆಗೆ ಬರುವವರು ಕಮ್ಮಿ, ಕೆಲಸ ಜಾಸ್ತಿ. ಹೊರಗೆ ಏನು ಸುರಿಯುತ್ತಿದೆಯೋ ಅದನ್ನೇ ಒಳಗೆ ಓದುತ್ತಿರುತ್ತೇವೆ. ನನಗೆ ಈ ತಿಂಗಳುಗಳೇ ಇಷ್ಟ. ವೀರಗಲ್ಲಿನ ಮುಂದೆ ಫೋಟೋಗೆ ನಿಲ್ಲಲು ಬರುವ ಸದಸ್ಯರು ಈಗ ಇರುವುದಿಲ್ಲ ಅನ್ನುವುದೂ ಒಂದು ಕಾರಣ.

ಚೆಕ್‌ರೋಲ್

ಆ ಸೋಮವಾರವೂ ಹಾಗೇ ಇತ್ತು. ಹಳೆಯ ತೋಟವೊಂದು ಕೈ ಬದಲಾಗಿ, ಅದರ ಆಫೀಸು ಖಾಲಿ ಮಾಡಿದವರು ಒಂದು ಟ್ರಂಕು ತಂದುಕೊಟ್ಟಿದ್ದರು. ಒಳಗೆ 1950ರ ದಶಕದ ಚೆಕ್‌ರೋಲ್ ಪುಸ್ತಕಗಳು. ತೋಟದ ರೈಟರು ದಿನಾ ಹಾಜರಿ ಹಾಕುತ್ತಿದ್ದ ಪುಸ್ತಕ ಅದು. ಉದ್ದಕ್ಕೆ ಹೆಸರು, ಅಡ್ಡಕ್ಕೆ ತಾರೀಖು, ಗಂಡಾಳು, ಹೆಣ್ಣಾಳು, ಮಕ್ಕಳು, ಕೊನೆಗೆ ಮುಂಗಡದ ಕಳೆತ. ನಾವು ಖುಷಿಯಾಗಿದ್ದೆವು. ಕೊಡಗು ಸ್ವಂತ ರಾಜ್ಯವಾಗಿದ್ದ ಕಾಲದ್ದು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, 24 ಸ್ಥಾನಗಳ ಪುಟ್ಟ ವಿಧಾನಸಭೆ. ತೋಟ ಕಾರ್ಮಿಕರ ಕಾಯ್ದೆ 1951ರಲ್ಲಿ ಬಂದಿತ್ತು. ಕಾಯ್ದೆ ಬಂದ ಮೇಲೆ ಕೂಲಿಯ ಅಂಕಣದಲ್ಲಿ ಏನು ಬದಲಾಯಿತು ಅಂತ ನೋಡುವುದು ಮೇಷ್ಟ್ರ ಆಸೆ. ಜುಲೈ ತಿಂಗಳ ಹಾಳೆ ತೆಗೆದರು. ಮುಕ್ಕಾಲು ಖಾಲಿ. ‘ಮಳೆಗೆ ಕೆಲಸ ಇರ್ಲಿಲ್ಲ, ಆಳುಗಳು ಬಯಲುಸೀಮೆಗೆ ಹೋಗಿರ್ಬೇಕು’ ಅಂತ ಪಕ್ಕದ ಕಾಗದದಲ್ಲಿ ಬರೆದುಕೊಂಡರು.

ಮಳೆ ಜೋರಾದರೆ ಸಂತೆಗೆ ಬಂದವರು ನಮ್ಮ ಮೆಟ್ಟಿಲಿನ ಕೆಳಗೆ ನಿಲ್ಲುತ್ತಾರೆ. ಅವತ್ತು ಗಾಳಿ ಬೇರೆ. ಇರಚಲು ಹೊಡೆದು ಕೆಳಗೆ ನಿಂತಿದ್ದ ಹೆಂಗಸರು ಒದ್ದೆಯಾಗುತ್ತಿದ್ದರು. ಮೇಲೆ ಬನ್ನಿ ಅಂತ ಕರೆದೆ. ಬಂದರು, ಆದರೆ ಬಾಗಿಲ ಹತ್ತಿರವೇ ಕೂತರು. ಬೆಂಚಿನ ಮೇಲೆ ಕೂರಿ ಅಂದರೆ ‘ಇರ್ಲಿ ಅಮ್ಮೋರೆ, ಸೀರೆ ಒದ್ದೆ’ ಅಂದರು. ಟೀ ತರಿಸಿದೆವು. ಅವರಲ್ಲೊಬ್ಬ ಅಜ್ಜಿ ಲೋಟ ಹಿಡಿದುಕೊಂಡು ಮೇಜಿನ ಮೇಲಿನ ಪುಸ್ತಕವನ್ನೇ ನೋಡುತ್ತಿದ್ದರು. ಓದು ಬಾರದವರು ಅಂತ ಆಮೇಲೆ ಗೊತ್ತಾಯಿತು, ಆದರೆ ಪುಸ್ತಕದ ಗುರುತು ಇತ್ತು.

‘ಇದು ರೈಟ್ರು ಬುಕ್ಕಲ್ವಾ?’ ಅಂದರು.

ಯಾವ ತೋಟದ್ದು ಅಂತ ಹೇಳಿದೆ. ಅಜ್ಜಿ ಲೋಟ ನೆಲಕ್ಕಿಟ್ಟರು. ಹೆಸರು ಓದಿ ಅಂದರು. ಮೇಷ್ಟ್ರು ಓದತೊಡಗಿದರು. ಹೆಣ್ಣಾಳುಗಳ ಪಟ್ಟಿಯಲ್ಲಿ ಒಂದೇ ಹೆಸರಿನ ಮೂವರು ಇದ್ದರು. ರೈಟರು ಹೆಸರಿನ ಮುಂದೆ ಒಂದು, ಎರಡು, ಮೂರು ಅಂತ ಹಾಕಿಕೊಂಡಿದ್ದರು. ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

‘ಎರಡನೇದು ನಮ್ಮವ್ವ’ ಅಂದರು ಅಜ್ಜಿ.

ಹೇಗೆ ಗೊತ್ತು ಅಂತ ಮೇಷ್ಟ್ರು ಕೇಳಿದರು. ಅಜ್ಜಿಗೆ ಆ ಪ್ರಶ್ನೆಯೇ ವಿಚಿತ್ರ ಅನಿಸಿತು. ‘ಎಲ್ಲರೂ ಹಂಗೇ ಕರೀತಿದ್ರಲ್ಲ ಮೇಷ್ಟ್ರೇ. ಲೈನಲ್ಲೂ ಹಂಗೇ. ನಮ್ಮಪ್ಪನೂ ಹಂಗೇ ಕರೀತಿತ್ತು, ಏ ಎರಡ್ನೇದೇ ಅಂತ.’ ಪಕ್ಕದಲ್ಲಿ ಕೂತವರು ನಕ್ಕರು, ಅಜ್ಜಿಯೂ ನಕ್ಕರು. ಒಂದನೆಯವಳು ಮೇಸ್ತ್ರಿಯ ಕಡೆಯವಳಂತೆ, ಅವಳಿಗೆ ಹಗುರ ಕೆಲಸ. ಮೂರನೆಯವಳು ಹೆರಿಗೆಯಲ್ಲಿ ತೀರಿಹೋದಳಂತೆ. ಮೇಷ್ಟ್ರು ಪುಟ ತಿರುವಿದರು. ಒಂದು ಮಾರ್ಚ್ ತಿಂಗಳ ಆಮೇಲೆ ಮೂರನೆಯ ಹೆಸರಿನ ಮುಂದೆ ಏನೂ ಇರಲಿಲ್ಲ. ಅದರ ಮುಂದಿನ ವರ್ಷ ಆ ಹೆಸರೇ ಇಲ್ಲ, ಆದರೂ ಎರಡನೆಯವಳು ಎರಡನೆಯವಳಾಗಿಯೇ ಉಳಿದಿದ್ದರು.

ಆಮೇಲೆ ನಾನೇ ಕೇಳಿದೆ. ಜುಲೈ ತಿಂಗಳಲ್ಲಿ ಯಾಕೆ ಖಾಲಿ ಇದೆ ಅಜ್ಜಿ, ನೀವು ಊರಿಗೆ ಹೋಗ್ತಿದ್ರಾ? ಅವರ ಅವ್ವ ಅಪ್ಪನನ್ನು ಮೇಸ್ತ್ರಿ ಕರೆತಂದದ್ದು ಅರಕಲಗೂಡು ಕಡೆಯಿಂದ. ‘ಊರಲ್ಲಿ ಏನಿತ್ತು ಹೋಗಕೆ? ಹೊಲ ಇದ್ದೋರು ಹೋಗೋರು. ನಾವು ಇಲ್ಲೇ ಇರ್ತಿದ್ವಿ. ಕೆಲ್ಸ ಇಲ್ಲ, ಕಾಸಿಲ್ಲ. ಕಂಬಳಿ ಕೊಪ್ಪೆ ಹಾಕ್ಕೊಂಡು ತೋಡಲ್ಲಿ ಏಡಿ ಹಿಡಿಯೋದು, ಕೆಸಿನ ಎಲೆ ಕುಯ್ಯೋದು, ಬಿದಿರ ಕಣಿಲೆ ಸಿಕ್ಕಿದ್ರೆ ಕಣಿಲೆ. ಕೆಸ ತಿಂದು ಗಂಟಲು ಕೆರ್ದು ಮಕ್ಳು ಅಳೋವು. ಮೇಸ್ತ್ರಿ ಹತ್ರ ಅಕ್ಕಿಗೆ ಸಾಲ. ಕೊಯ್ಲು ಬಂದ ಮೇಲೆ ಮುರ್ಕೋತಿದ್ದ.’ ಮೇಷ್ಟ್ರು ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ಮಳೆ ಸ್ವಲ್ಪ ಬಿಟ್ಟಿತು. ಬಸ್ಸು ತಪ್ಪಿಹೋಗುತ್ತದೆ ಅಂತ ಎಲ್ಲರೂ ಎದ್ದರು. ಅಜ್ಜಿ ಹೋಗುವಾಗ ಟೀ ದುಡ್ಡು ಕೊಡಲು ಬಂದರು.

ಒಂದೇ ಮಳೆ

ಇದಾದ ಎರಡು ವಾರಕ್ಕೆ ಆಟಿ ತಿಂಗಳ 18 ಬಂತು. ಕೊಡವರಿಗೆ ಕಕ್ಕಡ 18, ಆಗಸ್ಟ್ 3. ಮದ್ದು ಸೊಪ್ಪು ಬೇಯಿಸಿ, ಆ ನೇರಳೆ ನೀರಿನಲ್ಲಿ ಪಾಯಸ ಮಾಡಿ ತಿನ್ನುವ ದಿನ. ಹದಿನೆಂಟು ಬಗೆಯ ಔಷಧಿ ಅದರಲ್ಲಿದೆ ಅನ್ನುತ್ತಾರೆ, ಮರುದಿನ ಮೂತ್ರ ಕೆಂಪಗೆ ಹೋಗುವುದು ಮಾತ್ರ ನಿಜ. ಈಗೀಗ ಆಟಿ ಅಂದರೆ ದೊಡ್ಡ ಸಂಭ್ರಮ. ಕಲ್ಯಾಣಮಂಟಪದಲ್ಲಿ ಆಟಿ ತಿಂಡಿಗಳ ಸ್ಪರ್ಧೆ. ಕಣಿಲೆ ಸಾರು, ಕೆಸಿನ ಪತ್ರೊಡೆ, ಏಡಿ, ಅಣಬೆ. ತೀರ್ಪುಗಾರರಲ್ಲಿ ನಮ್ಮ ಕೂಟದವರೂ ಒಬ್ಬರು ಇರುತ್ತಾರೆ, ಯಾಕೆಂದರೆ ‘ಹಿರಿಯರ ಆಹಾರ ಪದ್ಧತಿ’ ಬಗ್ಗೆ ನಾಲ್ಕು ಮಾತು ಹೇಳಬೇಕಲ್ಲ. ಆ ವರ್ಷ ಹೋದವಳು ನಾನು. ಎಲೆ ತುಂಬಾ ಬಡಿಸಿದರು. ಹಬ್ಬ ಸುಳ್ಳಲ್ಲ. ನಮ್ಮ ಅಜ್ಜಿಯೂ ಆಟಿಯಲ್ಲಿ ಕಣಿಲೆ ಮಾಡುತ್ತಿದ್ದರು, ಆ ರುಚಿ ನನ್ನ ನಾಲಿಗೆಯ ಮೇಲೆ ಇನ್ನೂ ಇದೆ. ಆದರೆ ನಮ್ಮ ಅಜ್ಜಿಯ ಮನೆಯಲ್ಲಿ ಕಣಿಲೆಯ ಪಕ್ಕ ಅನ್ನವೂ ಇತ್ತು, ಪತ್ತಾಯದಲ್ಲಿ ಭತ್ತ ಇತ್ತು. ಅದೇ ತಿಂಗಳು, ಅದೇ ಮಳೆ, ಅದೇ ತೋಡಿನ ಏಡಿ. ಗುಡ್ಡದ ಮೇಲಿನ ಮನೆಯಲ್ಲಿ ಅದು ವರ್ಷಕ್ಕೊಮ್ಮೆ ಸಿಗುವ ರುಚಿ, ಕೆಳಗಿನ ಲೈನಿನಲ್ಲಿ ರಾತ್ರಿ ಊಟಕ್ಕೆ ಬೇರೆ ಏನೂ ಇಲ್ಲ ಅನ್ನುವ ಲೆಕ್ಕ. ‘ಹಿರಿಯರ ಆಹಾರ’ ಅಂದಾಗ ಯಾರ ಹಿರಿಯರು ಅಂತ ಆ ವೇದಿಕೆಯಲ್ಲಿ ಕೇಳುವುದು ಹೇಗೆ? ನಾಲ್ಕು ಮಾತು ಹೇಳಿ ಇಳಿದೆ.

ನಮ್ಮ ಪಟ್ಟಿಗೂ ಇದಕ್ಕೂ ನೇರ ಸಂಬಂಧವಿದೆ ಅಂತ ನನಗೆ ಅನಿಸುವುದು ಇಲ್ಲೇ. ಡಿಸೆಂಬರ್ ಎದುರಿನ ಅಡ್ಡಗೆರೆ ಬೆಳೆಗಾರರು ಎಳೆದದ್ದು. ಜನವರಿಯ ಓಡಾಟ ನಮ್ಮ ಕಣ ತುಂಬಿದ ಮೇಲಿನ ನೆಮ್ಮದಿಯ ಓಡಾಟ. ರೋಬಸ್ಟಾ ತೋಟಗಳಲ್ಲಿ ಆಗ ಇನ್ನೂ ಕೊಯ್ಲು ನಡೆಯುತ್ತಿರುತ್ತದೆ, ಅದಾದ ಮೇಲೆ ಮೆಣಸು. ಕೊಯ್ಯುವವರಿಗೆ ಎಲ್ಲಿಯ ಬಿಡುವು? ಅವರಿಗೆ ಕೈ ಖಾಲಿ ಇರುವುದು ಜುಲೈನಲ್ಲಿ. ಆಗ ನಾವು ಬಾಗಿಲು ಹಾಕಿಕೊಂಡು, ಬಲ್ಬು ಹಚ್ಚಿಕೊಂಡು, ಅವರ ಹಾಜರಿ ಪುಸ್ತಕ ಓದುತ್ತಾ ಕೂತಿರುತ್ತೇವೆ. ಅವರು ನಮ್ಮ ಮೆಟ್ಟಿಲ ಕೆಳಗೆ ಮಳೆ ಬಿಡುವುದನ್ನು ಕಾಯುತ್ತಾ ನಿಂತಿರುತ್ತಾರೆ. ಯಾರೂ ಬೇಕೆಂದು ಮಾಡಿದ್ದಲ್ಲ. ಬಿಡುವು ಇದ್ದವರು ತಮ್ಮ ಬಿಡುವಿಗೆ ತಕ್ಕಂತೆ ಚರಿತ್ರೆ ಬರೆದರು, ಅಷ್ಟೇ. ಮಡಿಕೇರಿ ಹತ್ತಿರ ಫೌಲರ್ ಎಂಬ ಯುರೋಪಿಯನ್ 1854ರಲ್ಲಿ ತೋಟ ಮಾಡಿದ ಅನ್ನುವುದು ಕೊಡಗಿನಲ್ಲಿ ಕಾಫಿ ಬಗ್ಗೆ ಮಾತಾಡುವ ಪ್ರತಿಯೊಬ್ಬರಿಗೂ ಗೊತ್ತು. ಅಲ್ಲಿ ಮೊದಲ ಗುಂಡಿ ತೋಡಿದ ಕೈ ಯಾರದು ಅಂತ ಕೇಳಿ ನೋಡಿ.

ನಮ್ಮ ಬೀರುವಿನಲ್ಲಿರುವ ಮಳೆ ಪುಸ್ತಕಗಳನ್ನೂ ಈಗ ಬೇರೆ ಥರ ನೋಡುತ್ತೇನೆ. ‘8 ಇಂಚು 20 ಸೆಂಟು’ ಅಂತ ಬರೆದ ದಿನವನ್ನು ಚೆಕ್‌ರೋಲಿನ ಅದೇ ತಾರೀಖಿನ ಪಕ್ಕ ಇಟ್ಟರೆ, ಆ ದಿನ ಎಷ್ಟು ಮನೆಯಲ್ಲಿ ಕೂಲಿ ಬರಲಿಲ್ಲ ಅಂತ ಎಣಿಸಬಹುದು. ಕಾಲೇಜು ಹುಡುಗರಿಬ್ಬರು ಈಗ ಅದನ್ನೇ ಮಾಡುತ್ತಿದ್ದಾರೆ. ಕಂಪ್ಯೂಟರಿನಲ್ಲಿ ಎರಡು ಅಂಕಣ, ಒಂದರಲ್ಲಿ ಮಳೆ, ಇನ್ನೊಂದರಲ್ಲಿ ಹಾಜರಿ. ಮೇಷ್ಟ್ರು ಮೊದಲು ಗೊಣಗಿದರು, ಇದು ಅರ್ಥಶಾಸ್ತ್ರ, ಇತಿಹಾಸ ಅಲ್ಲ ಅಂತ. ಈಗ ಅವರೇ ದಿನಾ ಫೋನು ಮಾಡಿ ಎಲ್ಲಿಗೆ ಬಂತು ಅಂತ ಕೇಳುತ್ತಾರೆ.

ಮೆಟ್ಟಿಲ ಕೆಳಗೆ

ಈ ಸಲದ ಪಟ್ಟಿಯಲ್ಲಿ ಜುಲೈ, ಆಗಸ್ಟ್ ಎದುರು ಹೊಸದೊಂದು ಸಾಲು ಸೇರಿಸಿದೆ. ‘ಸೋಮವಾರ, ಕೆಳಗೆ.’ ಅಂಗಡಿಯವರು ಮೆಟ್ಟಿಲ ಪಕ್ಕದ ಜಗಲಿ ಬಿಟ್ಟುಕೊಟ್ಟಿದ್ದಾರೆ. ಅಲ್ಲಿ ಒಂದು ಬೆಂಚು, ಒಂದು ಫ್ಲಾಸ್ಕು. ಮಳೆಗೆ ನಿಂತವರ ಜೊತೆ ಕೂತು ಮಾತಾಡುವುದು, ಅವರಿಗೆ ಮನಸ್ಸಿದ್ದರೆ. ಅನೇಕರಿಗೆ ಮನಸ್ಸಿಲ್ಲ, ಅದೂ ಸರಿಯೇ. ಫೋನಿನಲ್ಲಿ ರೆಕಾರ್ಡ್ ಮಾಡಲಾ ಅಂದರೆ ಮಾತು ನಿಂತುಹೋಗುತ್ತದೆ. ಹಾಗಾಗಿ ಮನೆಗೆ ಹೋಗಿ ನೆನಪಿನಿಂದ ಬರೆಯುತ್ತೇನೆ. ಅಸ್ಸಾಂನಿಂದ ಬಂದ ಹುಡುಗರು ಈಗ ಲೈನುಗಳಲ್ಲಿ ಜಾಸ್ತಿ. ಅವರ ಹತ್ತಿರ ಕೇಳಬೇಕಾದ್ದು ಬೇರೆಯೇ ಇದೆ, ನಮಗೆ ಭಾಷೆ ಬರುವುದಿಲ್ಲ. ಈ ಕಾಲದ ಚೆಕ್‌ರೋಲ್ ಮುಂದೆ ಯಾರ ಅಟ್ಟದಿಂದ ಸಿಗುತ್ತದೋ, ಈಗ ಎಲ್ಲ ಮೊಬೈಲಿನಲ್ಲೇ ಇದೆ.

ಕೂಟದಲ್ಲಿ ಎಲ್ಲರಿಗೂ ಇದು ಇಷ್ಟವಾಗಿಲ್ಲ. ಹಿರಿಯ ಸದಸ್ಯರೊಬ್ಬರು, ಒಳ್ಳೆಯ ಮನುಷ್ಯ, ಬೀರು ಕೊಡಿಸಿದ್ದೂ ಅವರೇ, ಸಭೆಯಲ್ಲಿ ನೇರವಾಗಿ ಕೇಳಿದರು: ‘ಹಳೇ ಸಾಲ, ಹಳೇ ಮುಂಗಡ ಇದೆಲ್ಲ ಕೆದಕಿ ಏನು ಸಾಧಿಸ್ತೀರಮ್ಮ? ಆಗ ನಮಗೂ ಕಷ್ಟ ಇತ್ತು. ಕಾಫಿಗೆ ರೇಟಿತ್ತಾ?’ ಅವರು ಹೇಳಿದ್ದರಲ್ಲೂ ನಿಜವಿದೆ. ಸಣ್ಣ ಬೆಳೆಗಾರರ ಮನೆಯಲ್ಲೂ ಸಾಲದ ಪುಸ್ತಕಗಳಿವೆ, ನಮ್ಮ ಮನೆಯಲ್ಲೇ ಇದೆ. ನಾನು ಅಂದೆ, ಅಣ್ಣ, ನಿಮ್ಮ ಕಷ್ಟ ನಿಮ್ಮ ಅಪ್ಪನ ಕೈಬರಹದಲ್ಲೇ ಇದೆ, ಬೀರುವಿನ ಎರಡನೇ ಖಾನೆಯಲ್ಲಿ. ಅವರ ಕಷ್ಟವನ್ನೂ ನಿಮ್ಮ ರೈಟರೇ ಬರೆದಿದ್ದಾನೆ, ಅವರು ಬರೆದದ್ದು ಎಲ್ಲೂ ಇಲ್ಲ. ಅವರು ಮಾತಾಡಲಿಲ್ಲ. ಮುಂದಿನ ಸೋಮವಾರ ಬಂದರು, ಕೆಳಗೆ ನಿಲ್ಲದೆ ನೇರ ಮೇಲೆ ಹತ್ತಿ ಹೋದರು. ಆದರೆ ಫ್ಲಾಸ್ಕಿನ ಟೀ ಖರ್ಚು ಅವರ ಹೆಸರಿಗೆ ಬರೆಯಲು ಹೇಳಿದ್ದಾರೆ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ ಗೊತ್ತಿಲ್ಲ.

ಈಗಿನ ತಕರಾರು ಬೇರೆ. ರಾಜ್ಯೋತ್ಸವದ ಹೊತ್ತಿಗೆ ನಮ್ಮ ಸಣ್ಣ ಪುಸ್ತಿಕೆಯೊಂದು ಬರುತ್ತದೆ. ಅದರಲ್ಲಿ ಚೆಕ್‌ರೋಲಿನ ಹೆಸರುಗಳನ್ನೆಲ್ಲ ಹಾಗೇ ಅಚ್ಚು ಹಾಕಬೇಕು ಅನ್ನುವುದು ಮೇಷ್ಟ್ರ ಹಟ. ಪೋಚಬ್ಬರಸಿಯ ಹೆಸರು ಕಲ್ಲಿನ ಮೇಲೆ ಉಳಿಯಿತು, ಇವರದ್ದು ಕಾಗದದ ಮೇಲಾದರೂ ಉಳಿಯಲಿ ಅನ್ನುತ್ತಾರೆ. ಕೇಳಲು ಚೆನ್ನಾಗಿದೆ. ನಾನು ಪುಟದ ಜೆರಾಕ್ಸ್ ತೆಗೆದುಕೊಂಡು ಅಜ್ಜಿಯ ಮನೆಗೆ ಹೋದೆ. ಈಗ ಅವರು ಲೈನಿನಲ್ಲಿಲ್ಲ, ಪೈಸಾರಿಯಲ್ಲಿ, ಅಂದರೆ ಸರ್ಕಾರಿ ಜಾಗದಲ್ಲಿ, ಕಟ್ಟಿಕೊಂಡ ಸ್ವಂತ ಮನೆ. ಅಜ್ಜಿ ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೆ ಮತ್ತೆ ಓದಿಸಿಕೊಂಡರು. ‘ಹಾಕಿ ಬುಕ್ಕಲ್ಲಿ’ ಅಂದರು. ಮೊಮ್ಮಗಳು ಮೈಸೂರಿನಲ್ಲಿ ನರ್ಸಿಂಗ್ ಓದುತ್ತಾಳೆ, ರಜೆಗೆ ಬಂದಿದ್ದಳು. ಅವಳು ಒಪ್ಪಲಿಲ್ಲ.

‘ನಂಬರ್ ಹಾಕಿ ನಮ್ಮ ಮುತ್ತಜ್ಜಿ ಹೆಸರು ಅಚ್ಚು ಹಾಕ್ತೀರಾ ಆಂಟಿ? ಪಕ್ಕದಲ್ಲಿ ಎಷ್ಟು ಸಾಲ ಇತ್ತು ಅಂತಾನೂ ಹಾಕ್ತೀರಾ? ನಿಮ್ಮ ಮನೆಯವರ ಸಾಲದ ಪುಸ್ತಕ ಅಚ್ಚು ಹಾಕಿದ್ದೀರಾ?’

ಇಲ್ಲ, ಹಾಕಿಲ್ಲ. ಹಾಕುವ ಯೋಚನೆಯೂ ಯಾರಿಗೂ ಬಂದಿರಲಿಲ್ಲ. ನಂಬರ್ ತೆಗೆದು ಬರೀ ಹೆಸರು ಹಾಕಿದರೆ ಮೂವರಲ್ಲಿ ಇವರು ಯಾರು ಅಂತ ಗೊತ್ತಾಗುವುದಿಲ್ಲ, ಅಜ್ಜಿಗೆ ಅದು ಬೇಡ. ನಂಬರ್ ಇಟ್ಟರೆ ಮೊಮ್ಮಗಳಿಗೆ ಬೇಡ. ಸಾಲದ ಅಂಕಣ ಬಿಟ್ಟು ಹಾಕಿದರೆ ಚೆಕ್‌ರೋಲನ್ನು ತಿದ್ದಿದ ಹಾಗಾಗುತ್ತದೆ ಅಂತ ಮೇಷ್ಟ್ರು. ಅಜ್ಜಿ ಮತ್ತು ಮೊಮ್ಮಗಳು ನನ್ನ ಎದುರಿಗೇ ಜಗಳ ಶುರುಮಾಡಿದರು. ನಾನು ಕಾಫಿ ಕುಡಿದು ಎದ್ದು ಬಂದೆ. ಪ್ರೆಸ್ಸಿನವರು ಸೆಪ್ಟೆಂಬರ್ ಕೊನೆಗೆ ಪುಟ ಕೊಡಿ ಅಂದಿದ್ದಾರೆ. ಅಲ್ಲಿಯವರೆಗೆ ಯಾವ ಹೆಸರನ್ನೂ ಎಲ್ಲೂ ಹಾಕುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ಮುಂದಿನ ಸೋಮವಾರ ಮೊಮ್ಮಗಳು ತಾನೇ ಬಂದು ಪೂರ್ತಿ ಪುಸ್ತಕ ಓದುತ್ತಾಳಂತೆ. ಆಮೇಲೆ ಹೇಳುತ್ತಾಳಂತೆ.